ವಿವಾಹದ ವಿಡಿಯೊ ಚಿತ್ರೀಕರಣ: ಸದ್ಭಕ್ತರು ಮುಂಚಿತವಾಗಿ ಅರಿತಿರಬೇಕಾದ ಸಂಗತಿಗಳು

ಎರಡು ಮನೆತನಗಳು ಗುರುಹಿರಿಯರ ಸಾಕ್ಷಿಯಾಗಿ ಒಂದಾಗುವ ಮಂಗಳಕಾರ್ಯವೇ ವಿವಾಹ. ಹಿಂದೆ ಆ ಸಾಕ್ಷಿಯು ನೆರೆದವರ ಕಣ್ಣಿನಲ್ಲಿಯೂ ನೆನಪಿನಲ್ಲಿಯೂ ಉಳಿಯುತ್ತಿತ್ತು. ಇಂದು ಅದರೊಡನೆ ವಿಡಿಯೊ ಚಿತ್ರೀಕರಣವೂ ಸೇರಿಕೊಂಡಿದೆ. ಮದುವೆ ನಿಶ್ಚಯವಾದೊಡನೆ ಸಭಾಭವನ, ಅಡುಗೆಯವರು, ವಾಲಗದವರು ಇವರ ಜೊತೆಯಲ್ಲಿಯೇ ವಿಡಿಯೊ ತೆಗೆಯುವವರನ್ನೂ ಗೊತ್ತುಮಾಡುವುದು ವಾಡಿಕೆಯಾಗಿದೆ. ಆದರೆ ಅಡುಗೆಯವರನ್ನು ಹತ್ತು ಸಲ ವಿಚಾರಿಸಿ ಆರಿಸುವ ನಾವು, ವಿಡಿಯೊದವರನ್ನು ಮಾತ್ರ ಯಾರೋ ಕೊಟ್ಟ ಒಂದು ಫೋನ್ ಸಂಖ್ಯೆಯ ಮೇಲೆ ನಂಬಿ ಮುಂಗಡ ಕೊಟ್ಟುಬಿಡುತ್ತೇವೆ. ಊಟದಲ್ಲಿ ಕೊರತೆಯಾದರೆ ಆ ದಿನಕ್ಕೆ ಮುಗಿಯಿತು. ಚಿತ್ರೀಕರಣದಲ್ಲಿ ಆದ ಲೋಪವನ್ನು ಮಾತ್ರ ಮತ್ತೆಂದೂ ತುಂಬಲಾಗದು.

ಈ ವಿಷಯವನ್ನು ಬರೆಯಲು ನಮಗೊಂದು ಕಾರಣವಿದೆ. ನಮ್ಮ ಪರಿಚಯದ ಕುಟುಂಬವೊಂದು ಇಪ್ಪತ್ತೈದು ವರ್ಷಗಳಿಗೂ ಹಿಂದಿನ ತಮ್ಮ ಮದುವೆಯ ಕ್ಯಾಸೆಟ್ಟನ್ನು ಇತ್ತೀಚೆಗೆ ಹೊರತೆಗೆಯಿತು. ಲಿಂಗೈಕ್ಯರಾದ ಅಜ್ಜನವರು ಅಂದು ವಧೂವರರನ್ನು ಹರಸಿ ಆಡಿದ ನಾಲ್ಕು ಮಾತುಗಳನ್ನು ಮೊಮ್ಮಕ್ಕಳಿಗೆ ಕೇಳಿಸಬೇಕೆಂಬುದು ಅವರ ಆಸೆಯಾಗಿತ್ತು. ಕರಾವಳಿಯ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಹಿಡಿದಿತ್ತು. ಅದನ್ನು ನುಡಿಸುವ ಯಂತ್ರವೂ ಊರಿನಲ್ಲಿ ಸಿಗಲಿಲ್ಲ. ಅಂತಹ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆಯು 2016ರ ಜುಲೈನಲ್ಲಿಯೇ ಆ ಕೆಲಸವನ್ನು ನಿಲ್ಲಿಸಿತ್ತು. ದೂರದ ನಗರಕ್ಕೆ ಕಳುಹಿಸಿ ಟೇಪನ್ನು ಶುಚಿಗೊಳಿಸಿದಾಗ ಚಿತ್ರವು ಮಸುಕಾಗಿಯಾದರೂ ಬಂತು. ಅಜ್ಜನವರ ಮಾತು ಮಾತ್ರ ವಾಲಗದ ಸದ್ದಿನಲ್ಲಿ ಮುಳುಗಿಹೋಗಿತ್ತು. ಆ ದಿನ ಅವರ ಬಳಿ ಒಂದು ಮೈಕು ಇಟ್ಟಿದ್ದರೆ ಸಾಕಾಗಿತ್ತು. ಇಂತಹ ಸಣ್ಣ ಸಣ್ಣ ಎಚ್ಚರಿಕೆಗಳನ್ನು ಬಂಧುಗಳ ಮುಂದಿಡುವುದೇ ಈ ಬರಹದ ಉದ್ದೇಶ.

ವಿಧಿಗಳ ಅರಿವು

ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯು ಒಂದು ಕಾಲಕ್ಕೆ ಕೆಳದಿಯ ಅರಸರ ಆಳ್ವಿಕೆಗೆ ಸೇರಿತ್ತು. ಬಾರ್ಕೂರು, ಬಸ್ರೂರುಗಳ ಇತಿಹಾಸದಲ್ಲಿ ಅದರ ಗುರುತುಗಳಿವೆ. ಆದರೂ ಇಂದು ಇಲ್ಲಿ ನಮ್ಮ ಸಮಾಜದ ಮನೆಗಳು ವಿರಳ. ಉದ್ಯೋಗ, ವ್ಯಾಪಾರಗಳ ನಿಮಿತ್ತ ನೆಲೆಸಿದವರೇ ಬಹುಪಾಲು. ಮದುವೆಗೆ ಬರುವ ಬೀಗರು, ನೆಂಟರು ಆಗುಂಬೆ ಘಾಟಿಯನ್ನೋ ಬಾಳೆಬರೆ ಘಾಟಿಯನ್ನೋ ಇಳಿದು ಬರುತ್ತಾರೆ. ಹೀಗಾಗಿ ವಿಡಿಯೊ ತೆಗೆಯುವವರ ವಿಷಯದಲ್ಲಿ ಒಂದು ತೊಡಕು ಏಳುತ್ತದೆ. ಸ್ಥಳೀಯರಿಗೆ ಇಲ್ಲಿನ ಸಭಾಭವನಗಳ ಬೆಳಕು, ದಾರಿ, ಮಳೆ ಎಲ್ಲವೂ ಗೊತ್ತು. ಆದರೆ ಅವರ ಕಣ್ಣು ಪಳಗಿರುವುದು ಧಾರೆಯ ಮದುವೆಗಳಲ್ಲಿ. ಘಟ್ಟದ ಮೇಲಿನಿಂದ ಕರೆತಂದವರಿಗೆ ನಮ್ಮ ವಿಧಿಗಳು ಗೊತ್ತು. ಆದರೆ ಪ್ರಯಾಣ, ವಸತಿಗಳ ಖರ್ಚು ಹೆಚ್ಚುತ್ತದೆ, ಸ್ಥಳದ ಪರಿಚಯವೂ ಇರುವುದಿಲ್ಲ.

ನಮ್ಮಲ್ಲಿಯೂ ವಿಧಿಗಳು ಎಲ್ಲ ಕಡೆ ಒಂದೇ ಬಗೆಯಾಗಿಲ್ಲ. ಕೆಲವು ಮನೆಗಳಲ್ಲಿ ಪಂಚಕಲಶ ಸ್ಥಾಪನೆಯೊಂದಿಗೆ ಕಲ್ಯಾಣವಾಗುತ್ತದೆ. ಮತ್ತೆ ಕೆಲವೆಡೆ ವಚನ ಪಠಣ ಮತ್ತು ವಧೂವರರ ಪ್ರತಿಜ್ಞೆಯೊಂದಿಗೆ ಸರಳವಾಗಿ ಮಾಂಗಲ್ಯಧಾರಣೆ ನಡೆಯುತ್ತದೆ. ಇದನ್ನು ಅರಿಯದವರು, ಮಂಟಪದಲ್ಲಿ ಹೋಮಕುಂಡವಿಲ್ಲದಿರುವುದನ್ನು ಕಂಡು ಕಾರ್ಯ ಇನ್ನೂ ಆರಂಭವಾಗಿಲ್ಲವೆಂದು ತಿಳಿದು ಕ್ಯಾಮೆರಾವನ್ನು ಊಟದ ಪಂಕ್ತಿಯ ಕಡೆಗೆ ತಿರುಗಿಸಿದರೆ ಆಶ್ಚರ್ಯವಿಲ್ಲ. ದೋಷ ಅವರದಲ್ಲ, ತಿಳಿಸದಿದ್ದ ನಮ್ಮದು.

ಆದ್ದರಿಂದ ಒಂದು ಸುಲಭವಾದ ಕ್ರಮವನ್ನು ಸೂಚಿಸುತ್ತೇವೆ. ಮದುವೆಗೆ ಹದಿನೈದು ದಿನ ಮೊದಲೇ, ಕಾರ್ಯ ನಡೆಸಿಕೊಡುವ ಸ್ವಾಮಿಗಳನ್ನು ಕೇಳಿ, ಗುರುಪೂಜೆಯಿಂದ ಹಿಡಿದು ಅಕ್ಷತೆಯವರೆಗೆ ಯಾವುದರ ನಂತರ ಯಾವುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಪ್ರತಿಯೊಂದಕ್ಕೂ ಸುಮಾರು ಎಷ್ಟು ಹೊತ್ತು, ಯಾರು ಎಲ್ಲಿ ಕುಳಿತಿರುತ್ತಾರೆ ಎಂಬುದನ್ನೂ ಸೇರಿಸಬೇಕು. ತಪ್ಪದೆ ಚಿತ್ರಿಸಬೇಕಾದ ಹಿರಿಯರ ಹೆಸರುಗಳನ್ನು ಕೊನೆಯಲ್ಲಿ ಕೊಟ್ಟು, ಅವರನ್ನು ಗುರುತಿಸಿ ತೋರಿಸಲು ಮನೆಯ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೊತೆಗಿರಿಸಬೇಕು. ಈ ಒಂದು ಹಾಳೆಯಿದ್ದರೆ ಸ್ಥಳೀಯರೇ ನಮ್ಮ ಮದುವೆಯನ್ನು ಚೆನ್ನಾಗಿ ಚಿತ್ರಿಸಬಲ್ಲರು.

ಹಾಗೆಯೇ ಅವರಿಗೂ ಒಂದು ಮಿತಿಯನ್ನು ಹೇಳಿರಬೇಕು. ಮಾಂಗಲ್ಯಧಾರಣೆಯ ಕ್ಷಣದಲ್ಲಿ ನಾಲ್ಕಾರು ಜನ ಕ್ಯಾಮೆರಾ ಹಿಡಿದು ಮುಂದೆ ನಿಂತು, ಬಂಧುಗಳಿಗೆ ಅವರ ಬೆನ್ನು ಮಾತ್ರ ಕಾಣುವುದನ್ನು ನಾವೆಲ್ಲ ಕಂಡಿದ್ದೇವೆ. ಚಿತ್ರ ಸರಿಯಾಗಿ ಬರಲಿಲ್ಲವೆಂದು ತಾಳಿಯನ್ನು ಇನ್ನೊಮ್ಮೆ ಹಿಡಿದು ತೋರಿಸಿರೆಂದು ಹೇಳುವುದೂ ಉಂಟು. ವಿಧಿಯು ಕ್ಯಾಮೆರಾಕ್ಕಾಗಿ ಕಾಯಬಾರದು. ಮಂಟಪದ ಎರಡು ಬದಿಗಳಲ್ಲಿ ಎರಡು ಕ್ಯಾಮೆರಾಗಳಿಗೆ ಜಾಗ ಗುರುತಿಸಿ, ಅಲ್ಲಿಂದಲೇ ತೆಗೆಯಬೇಕೆಂದು ಮೊದಲೇ ಒಪ್ಪಿಸಿದರೆ ಕಾರ್ಯದ ಗಾಂಭೀರ್ಯವೂ ಉಳಿಯುತ್ತದೆ, ಚಿತ್ರವೂ ಸ್ಪಷ್ಟವಾಗಿ ಬರುತ್ತದೆ.

ಬೆಳಕು ಮತ್ತು ಧ್ವನಿ

ಸ್ಟುಡಿಯೊದವರು ತೋರಿಸುವ ಮೂರು ನಿಮಿಷದ ಆಯ್ದ ತುಣುಕುಗಳನ್ನು ನೋಡಿ ಮರುಳಾಗಬಾರದು. ಅವರು ಹಿಂದೆ ತೆಗೆದ ಒಂದು ಪೂರ್ಣ ಮದುವೆಯನ್ನು, ಆ ಮನೆಯವರ ಒಪ್ಪಿಗೆಯಿದ್ದರೆ, ತೋರಿಸುವಂತೆ ಕೇಳಬೇಕು. ಸಾಧ್ಯವಾದರೆ ಅದು ನಾವು ಗೊತ್ತುಮಾಡಿದ ಸಭಾಭವನದ್ದೇ ಆಗಿರಲಿ. ಸಭಾಭವನದ ಎಲ್‌ಇಡಿ ದೀಪಗಳ ಕೆಳಗೆ ಕೆಲವು ವಿಡಿಯೊಗಳಲ್ಲಿ ಪಟ್ಟೆಪಟ್ಟೆಯಾಗಿ ಮಿನುಗುವುದು ಕಾಣುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದ್ದು. ಅದಕ್ಕೆ ಹೊಂದುವಂತೆ ಕ್ಯಾಮೆರಾದ ಷಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಡದಿದ್ದರೆ ಈ ದೋಷ ಉಂಟಾಗಬಹುದು. ಬಲ್ಲವರು ಹಿಂದಿನ ದಿನವೇ ಹೋಗಿ ಪರೀಕ್ಷಿಸಿ ನೋಡುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಕಾರ್ಯವಿದ್ದರಂತೂ ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದು, ವಿದ್ಯುತ್ ಕಡಿತ, ಜನರೇಟರ್ ಇವೆಲ್ಲವನ್ನೂ ಮೊದಲೇ ಮಾತನಾಡಿಕೊಳ್ಳಬೇಕು.

ಧ್ವನಿಯ ವಿಷಯವನ್ನು ಬಹುತೇಕರು ಮರೆಯುತ್ತಾರೆ. ಕ್ಯಾಮೆರಾದಲ್ಲಿಯೇ ಇರುವ ಮೈಕು ಹತ್ತಿರದ ಗದ್ದಲವನ್ನು ಹಿಡಿಯುತ್ತದೆ. ದೂರದ ಮಂಟಪದ ಮಾತನ್ನು ಹಿಡಿಯುವುದಿಲ್ಲ. ಕಾರ್ಯ ನಡೆಸುವ ಸ್ವಾಮಿಗಳ ಬಳಿ ಒಂದು, ವರನ ಅಂಗಿಯಲ್ಲಿ ಒಂದು ತಂತಿರಹಿತ ಮೈಕು ಇಟ್ಟರೆ ಮಂತ್ರ, ವಚನ, ಪ್ರತಿಜ್ಞೆಗಳೆಲ್ಲ ಸ್ಪಷ್ಟವಾಗಿ ಉಳಿಯುತ್ತವೆ. ವಯಸ್ಸಾದ ಅಜ್ಜ ಅಜ್ಜಿಯರನ್ನು ಗದ್ದಲವಿಲ್ಲದ ಕೋಣೆಯಲ್ಲಿ ಕೂರಿಸಿ, ಐದು ನಿಮಿಷ ಆಶೀರ್ವಾದದ ಮಾತುಗಳನ್ನು ದಾಖಲಿಸಿಕೊಳ್ಳುವುದು ಇನ್ನೂ ಉತ್ತಮ. ಮುಂದೆ ಮನೆಯವರು ಹುಡುಕುವುದು ಆ ಐದು ನಿಮಿಷಗಳನ್ನೇ.

ಕರಾರು ಪತ್ರ

ಬಾಯಿಮಾತು ಸಾಲದು. ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ, ಒಪ್ಪಿಕೊಂಡ ವ್ಯಕ್ತಿಯೇ ಬರುತ್ತಾರೆಯೇ, ಅವರಿಗೆ ಅಸೌಖ್ಯವಾದರೆ ಯಾರು, ಒಟ್ಟು ಹಣವೆಷ್ಟು, ಮುಂಗಡವೆಷ್ಟು, ಸಿದ್ಧ ವಿಡಿಯೊವನ್ನು ಎಂದು ಕೊಡುತ್ತಾರೆ, ಎಷ್ಟು ಬಾರಿ ತಿದ್ದಿಕೊಡುತ್ತಾರೆ ಎಂಬುದೆಲ್ಲ ಬರಹದಲ್ಲಿರಬೇಕು. ಹಣವನ್ನು ಮೂರು ಕಂತುಗಳಲ್ಲಿ, ಕೊನೆಯ ಕಂತನ್ನು ವಿಡಿಯೊ ಕೈಸೇರಿದ ಮೇಲೆ ಕೊಡುವುದು ಇಬ್ಬರಿಗೂ ಕ್ಷೇಮ. ರಸೀದಿಯನ್ನು ತಪ್ಪದೆ ಪಡೆಯಬೇಕು.

ತೆಗೆದ ಚಿತ್ರಿಕೆಯು ಕಳೆದುಹೋಗದಂತೆ ಏನು ವ್ಯವಸ್ಥೆಯಿದೆ ಎಂದು ಕೇಳುವುದು ಅತಿ ಮುಖ್ಯ. 4ಕೆ ಗುಣಮಟ್ಟದಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ದಾಖಲಿಸಿದರೆ ಒಂದು ಗಂಟೆಗೆ ಸುಮಾರು 45 ಜಿಬಿ ಸ್ಥಳ ಬೇಕು. ಎರಡು ಕ್ಯಾಮೆರಾಗಳು ಆರು ಗಂಟೆ ನಡೆದರೆ 540 ಜಿಬಿ ಆಗುತ್ತದೆ. ಇಷ್ಟನ್ನು ಇಟ್ಟುಕೊಳ್ಳುವುದು ಕಷ್ಟವಾದ್ದರಿಂದ ಕೆಲವರು ಬೇಗನೆ ಅಳಿಸಿ ಕಾರ್ಡನ್ನು ಮುಂದಿನ ಮದುವೆಗೆ ಬಳಸುತ್ತಾರೆ. ಏಕಕಾಲಕ್ಕೆ ಎರಡು ಮೆಮೊರಿ ಕಾರ್ಡುಗಳಲ್ಲಿ ದಾಖಲಿಸುವ ಕ್ಯಾಮೆರಾ, ಅದೇ ರಾತ್ರಿ ಎರಡು ಬೇರೆ ಡಿಸ್ಕುಗಳಿಗೆ ಪ್ರತಿ, ನಮ್ಮ ಕೈಗೆ ವಿಡಿಯೊ ಬಂದ ಮೇಲೂ ಇಂತಿಷ್ಟು ತಿಂಗಳು ಅಳಿಸಬಾರದೆಂಬ ಷರತ್ತು, ಈ ಮೂರನ್ನೂ ಕರಾರಿನಲ್ಲಿ ಬರೆಸಬೇಕು.

ಈ ವಿಡಿಯೊ ಯಾರ ಸ್ವತ್ತು ಎಂಬುದನ್ನೂ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಪ್ರಕರಣದ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರ ಅಥವಾ ಚಲನಚಿತ್ರದ ಮೊದಲ ಹಕ್ಕುದಾರರು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ. ಆದರೆ ಸ್ಟುಡಿಯೊದವರ ಅಚ್ಚಾದ ಕಾಗದದಲ್ಲಿ ಇದಕ್ಕೆ ವಿರುದ್ಧವಾದ ಮಾತು ಇದ್ದು ನಾವು ಓದದೆ ಸಹಿ ಹಾಕಿದರೆ ಆ ಹಕ್ಕು ಕೈಬಿಡಬಹುದು. ಮನೆಯ ಹೆಣ್ಣುಮಗಳ ಚಿತ್ರವು ಜಾಹೀರಾತಾಗಿ ಇನ್‌ಸ್ಟಾಗ್ರಾಂನಲ್ಲಿ ಕಂಡ ಮೇಲೆ ನೊಂದುಕೊಳ್ಳುವುದಕ್ಕಿಂತ, ಲಿಖಿತ ಒಪ್ಪಿಗೆಯಿಲ್ಲದೆ ಎಲ್ಲಿಯೂ ಪ್ರಕಟಿಸಬಾರದೆಂದು ಮೊದಲೇ ಬರೆಸುವುದು ಲೇಸು. ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಕಾರಣ ಉಂಟಾದ ಎರಡು ವರ್ಷಗಳೊಳಗೆ, ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಅವಕಾಶವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ಆಗ ನೆರವಿಗೆ ಬರುವುದು ಕರಾರು ಪತ್ರ ಮತ್ತು ರಸೀದಿ.

ಹಾಡು, ನೇರ ಪ್ರಸಾರ, ಡ್ರೋನ್

ಮದುವೆಯ ಸಂಭ್ರಮದಲ್ಲಿ ಹಾಡು ನುಡಿಸುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯಲ್ಲಿಯೇ ವಿನಾಯಿತಿಯಿದೆ. ಸಿನಿಮಾ ಹಾಡನ್ನು ವಿಡಿಯೊಕ್ಕೆ ಜೋಡಿಸಿ ಯೂಟ್ಯೂಬಿಗೆ ಏರಿಸುವುದು ಬೇರೆ ಮಾತು. ಅಲ್ಲಿ ಧ್ವನಿ ಕಡಿತವಾಗುವ, ವಿಡಿಯೊವೇ ತಡೆಯಲ್ಪಡುವ ಸಂಭವವುಂಟು. ಹನ್ನೆರಡನೆಯ ಶತಮಾನದ ಶರಣರ ವಚನಗಳ ಸಾಹಿತ್ಯಕ್ಕೆ ಇಂತಹ ನಿರ್ಬಂಧವಿಲ್ಲ, ಆದರೆ ಗಾಯಕರ ಧ್ವನಿಮುದ್ರಿಕೆಗಳಿಗೆ ಹಕ್ಕುದಾರರಿರುತ್ತಾರೆ. ಮನೆಯ ಹೆಣ್ಣುಮಕ್ಕಳೇ ಕುಳಿತು ಹಾಡಿದ ವಚನಗಳನ್ನು ದಾಖಲಿಸಿ ವಿಡಿಯೊಕ್ಕೆ ಜೋಡಿಸಿದರೆ ತೊಡಕೂ ಇಲ್ಲ, ಅದಕ್ಕಿಂತ ಒಳ್ಳೆಯ ಹಿನ್ನೆಲೆಯೂ ಇಲ್ಲ.

ಮುಂಬಯಿಯಲ್ಲಿಯೋ ಕೊಲ್ಲಿ ರಾಷ್ಟ್ರಗಳಲ್ಲಿಯೋ ಇರುವವರಿಗಾಗಿ ನೇರ ಪ್ರಸಾರ ಬೇಕಾದರೆ, ಸಭಾಭವನದ ಅಂತರ್ಜಾಲವನ್ನು ಮುಹೂರ್ತದ ಹೊತ್ತಿನಲ್ಲಿಯೇ ಒಮ್ಮೆ ಪರೀಕ್ಷಿಸಬೇಕು. ಜನ ನೆರೆದಾಗ ಮೊಬೈಲ್ ಜಾಲ ನಿಧಾನವಾಗುವುದರಿಂದ ಎರಡು ಸಂಸ್ಥೆಗಳ ಸಿಮ್ ಇರಲಿ. ಕೊಂಡಿಯನ್ನು ಎಲ್ಲರಿಗೂ ತೆರೆದಿಡದೆ ಬಂಧುಗಳಿಗೆ ಮಾತ್ರ ಕಳುಹಿಸುವುದು ಯೋಗ್ಯ.

ಡ್ರೋನ್ ಹಾರಿಸುವವರು 2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳನ್ನು ಪಾಲಿಸಬೇಕು. 250 ಗ್ರಾಮಿಗಿಂತ ಹೆಚ್ಚು ತೂಕದ ಡ್ರೋನನ್ನು ವೃತ್ತಿಗಾಗಿ ಹಾರಿಸುವವರಿಗೆ ಪ್ರಮಾಣಪತ್ರ ಬೇಕು; ಹಸಿರು ವಲಯದಲ್ಲಿಯೂ 400 ಅಡಿಗಳ ಮಿತಿಯಿದೆ. ಪ್ರಮಾಣಪತ್ರವನ್ನು ತೋರಿಸುವಂತೆ ಕೇಳಲು ಸಂಕೋಚ ಬೇಡ. ಮಕ್ಕಳು, ವೃದ್ಧರು ತುಂಬಿದ ಚಪ್ಪರದ ಮೇಲೆ ಅದು ಬಿದ್ದರೆ ಮಂಗಳಕಾರ್ಯವು ಕಣ್ಣೀರಾದೀತು.

ವೆಚ್ಚ ಮತ್ತು ಕಾಯಕ ಗೌರವ

ಮರವಂತೆಯ ಕಡಲತಡಿಯಲ್ಲಿ, ಬಾರ್ಕೂರಿನ ಹಳೆಯ ಕಲ್ಲುಕಂಬಗಳ ನಡುವೆ ಮದುವೆಗೆ ಮುಂಚಿನ ಚಿತ್ರೀಕರಣ ಮಾಡಿಸುವ ಬಯಕೆ ಇಂದಿನ ಯುವಕರಲ್ಲಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನೆರೆಮನೆಯವರು ಮಾಡಿಸಿದರೆಂದು ಸಾಲ ತಂದು ಮಾಡಿಸುವುದು ಸಲ್ಲದು. ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದ ಸಾಮೂಹಿಕ ವಿವಾಹಗಳಲ್ಲಿ ಸಾವಿರಾರು ದಂಪತಿಗಳು ಆಡಂಬರವಿಲ್ಲದೆ ಬಾಳು ಕಟ್ಟಿಕೊಂಡಿದ್ದಾರೆ. ಖರ್ಚು ತಗ್ಗಿಸಬೇಕಾದರೆ ಡ್ರೋನ್, ಕ್ರೇನು, ಮುಂಚಿನ ಚಿತ್ರೀಕರಣಗಳನ್ನು ಬಿಡಬಹುದು. ಎರಡು ಕ್ಯಾಮೆರಾ, ಒಳ್ಳೆಯ ಮೈಕು, ಸುರಕ್ಷಿತ ಪ್ರತಿ, ಈ ಮೂರನ್ನು ಮಾತ್ರ ಬಿಡಬಾರದು.

ವಿಡಿಯೊ ತೆಗೆಯುವವರದೂ ಕಾಯಕವೇ ಎಂಬುದನ್ನು ನಾವು ಮರೆಯಬಾರದು. ಬೆಳಗಿನ ಜಾವದಿಂದ ನಿಂತೇ ದುಡಿಯುವ ಅವರನ್ನು ಕೊನೆಯ ಪಂಕ್ತಿಯಲ್ಲಿಯೂ ಊಟಕ್ಕೆ ಕರೆಯದ ಮನೆಗಳಿವೆ. ಮದುವೆ ಮುಗಿದ ಮೇಲೆ ಬಾಕಿ ಹಣಕ್ಕಾಗಿ ತಿಂಗಳುಗಟ್ಟಲೆ ಅಲೆಸುವವರೂ ಇದ್ದಾರೆ. ಕರಾರನ್ನು ಅವರಿಂದ ಪಾಲಿಸಿಕೊಳ್ಳುವ ನಾವು, ನಮ್ಮ ಭಾಗದ ಮಾತನ್ನೂ ನಡೆಸಬೇಕು. ಹೊತ್ತಿಗೆ ಸರಿಯಾಗಿ ಊಟ, ಹೇಳಿದ ದಿನ ಹಣ, ಇವು ನಮ್ಮ ಧರ್ಮ.

ಕಾಪಾಡಿಕೊಳ್ಳುವ ಬಗೆ

ವಿಡಿಯೊ ಕೈಸೇರಿದ ಮೇಲೆ ಒಂದೇ ಪೆನ್‌ಡ್ರೈವನ್ನು ಬೀರುವಿನಲ್ಲಿಟ್ಟು ಮರೆಯಬಾರದು. ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೀಗರ ಮನೆಯಲ್ಲಿ, ಒಂದು ಅಂತರ್ಜಾಲದ ಸಂಗ್ರಹದಲ್ಲಿ ಇರಲಿ. ವರ್ಷಕ್ಕೊಮ್ಮೆ, ಮದುವೆಯ ದಿನವೇ, ತೆರೆದು ನೋಡಿದರೆ ಕೆಟ್ಟಿದೆಯೇ ಎಂಬುದೂ ತಿಳಿಯುತ್ತದೆ. ಹಳೆಯ ಕ್ಯಾಸೆಟ್ಟುಗಳು ಮನೆಯಲ್ಲಿದ್ದರೆ ಇನ್ನು ತಡಮಾಡದೆ ಪ್ರತಿ ಮಾಡಿಸಬೇಕು. ನಮ್ಮ ಕರಾವಳಿಯ ತೇವವು ಯಾರಿಗೂ ಕಾಯುವುದಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಹರಳಯ್ಯ ಮತ್ತು ಮಧುವರಸರ ಮಕ್ಕಳಿಗೆ ನಡೆದ ವಿವಾಹದ ಒಂದು ಚಿತ್ರವೂ ನಮಗೆ ಉಳಿದಿಲ್ಲ. ಆದರೂ ಎಂಟುನೂರು ವರ್ಷಗಳ ನಂತರವೂ ಅದನ್ನು ನೆನೆಯುತ್ತೇವೆ. ಆ ಮದುವೆಯ ಹಿಂದಿದ್ದ ನಿಷ್ಠೆಯೇ ಅದಕ್ಕೆ ಕಾರಣ. ಚಿತ್ರವು ನೆನಪಿಗೆ ನೆರವಾಗಲಿ. ನೆನೆಯತಕ್ಕ ಬಾಳನ್ನು ವಧೂವರರೇ ಬಾಳಬೇಕು. ಕಲ್ಯಾಣಕಾರ್ಯಗಳನ್ನು ಹಮ್ಮಿಕೊಂಡಿರುವ ಎಲ್ಲ ಸದ್ಭಕ್ತರ ಮನೆಗಳಲ್ಲಿ ಮಂಗಳವುಂಟಾಗಲೆಂದು ಹಾರೈಸುತ್ತೇವೆ.