ಮಿಠಾಯಿಯೂರಿನ ಸ್ಪರ್ಧೆ

ಅದೊಂದು ವಿಚಿತ್ರವಾದ ಊರು. ಅಲ್ಲಿನ ಪ್ರಜೆಗಳು ಮನುಷ್ಯರಲ್ಲ. ಬಿಸ್ಕತ್ತುಗಳು, ಮಿಠಾಯಿಗಳು, ಬಗೆಬಗೆಯ ಕೇಕುಗಳು. ಅಂದು ಆ ಊರಿನಲ್ಲಿ ದೊಡ್ಡ ಉತ್ಸವ ನಡೆದಿದೆ. ಊರಿಗೆ ಒಬ್ಬ ರಾಣಿಯನ್ನು ಆರಿಸಬೇಕು. ಬಳಿಕ ಆ ರಾಣಿಗೆ ತಕ್ಕ ಒಬ್ಬ ರಾಜನನ್ನು ಆರಿಸಬೇಕು. ಇದಕ್ಕಾಗಿ ತೀರ್ಪುಗಾರರು ಸಿದ್ಧರಾಗಿ ಕುಳಿತಿದ್ದಾರೆ. ಅಮೆರಿಕದ ವಾಲ್ಟ್ ಡಿಸ್ನಿಯ ಸಂಸ್ಥೆಯು 1935ರ ಮೇ ತಿಂಗಳಿನಲ್ಲಿ ಬಿಡುಗಡೆ ಮಾಡಿದ ‘ಕುಕಿ ಕಾರ್ನಿವಲ್’, ಅಂದರೆ ‘ಬಿಸ್ಕತ್ತುಗಳ ಜಾತ್ರೆ’ ಎಂಬ ಕಾರ್ಟೂನ್ ಚಿತ್ರದ ವಸ್ತು ಇದು. ಚಿತ್ರದ ಅವಧಿ ಸುಮಾರು ಎಂಟು ನಿಮಿಷ ಮಾತ್ರ.

ಈ ಚಿತ್ರವು ‘ಸಿಲ್ಲಿ ಸಿಂಫನಿ’ ಎಂಬ ಮಾಲೆಗೆ ಸೇರಿದುದು. ‘ಹುಡುಗಾಟದ ಸ್ವರಮೇಳ’ ಎಂದು ಆ ಹೆಸರನ್ನು ಕನ್ನಡಿಸಬಹುದು. 1929ರಿಂದ 1939ರವರೆಗೆ ಈ ಮಾಲೆಯಲ್ಲಿ 75 ಚಿತ್ರಗಳು ತೆರೆಕಂಡವು. ಡಿಸ್ನಿಯ ಮಿಕ್ಕಿ ಮೌಸ್ ಚಿತ್ರಗಳಲ್ಲಿ ಕಥೆ ಮುಂದೆ ನಡೆಯುತ್ತಿತ್ತು, ಸಂಗೀತ ಅದರ ಹಿಂದೆ ಬರುತ್ತಿತ್ತು. ಸಂಗೀತವೇ ಮುಂದಾಗಿ ನಡೆದು ಚಿತ್ರವು ಅದನ್ನು ಹಿಂಬಾಲಿಸುವಂತಹ ಬೇರೊಂದು ಮಾಲೆ ಏಕಿರಬಾರದು ಎಂದು ಸೂಚಿಸಿದವರು ಕಾರ್ಲ್ ಸ್ಟಾಲಿಂಗ್ ಎಂಬ ಸಂಗೀತಗಾರರು. ಹೀಗೆ ಹುಟ್ಟಿದ ಮೊದಲನೆಯ ಚಿತ್ರದಲ್ಲಿ ಸ್ಮಶಾನದ ಅಸ್ಥಿಪಂಜರಗಳು ಎದ್ದು ಕುಣಿದವು. ಮುಂದೆ ಹೂವು, ಮರ, ಹಂದಿಮರಿ, ಆಮೆ, ಮೊಲ ಇವೆಲ್ಲವೂ ತಾಳಕ್ಕೆ ಹೆಜ್ಜೆ ಹಾಕಿದವು. 1932ರಲ್ಲಿ ಬಂದ ಹೂಮರಗಳ ಚಿತ್ರದಿಂದ ಈ ಮಾಲೆಗೆ ಪೂರ್ಣವರ್ಣದ ಸೊಬಗೂ ದೊರೆಯಿತು. ಸಿಹಿತಿಂಡಿಗಳ ಊರನ್ನು ಕಪ್ಪು ಬಿಳುಪಿನಲ್ಲಿ ತೋರಿಸಿದ್ದರೆ ಯಾರ ಬಾಯಲ್ಲಿ ತಾನೆ ನೀರೂರುತ್ತಿತ್ತು?

ಚಿತ್ರವು ಸಂಗೀತವನ್ನು ಹಿಂಬಾಲಿಸುವುದೆಂದರೆ ಏನು? ಕಾರ್ಟೂನ್ ಚಿತ್ರವೆಂಬುದು ಒಂದರ ಮುಂದೊಂದು ಜೋಡಿಸಿದ ರೇಖಾಚಿತ್ರಗಳ ಸಾಲು. ಒಂದು ಸೆಕೆಂಡಿನಲ್ಲಿ 24 ಚೌಕಟ್ಟುಗಳು ಕಣ್ಣ ಮುಂದೆ ಸರಿದುಹೋಗುತ್ತವೆ. ಎಂಟು ನಿಮಿಷಗಳ ಚಿತ್ರಕ್ಕೆ ಹನ್ನೊಂದೂವರೆ ಸಾವಿರ ಚೌಕಟ್ಟುಗಳು ಬೇಕು. ಹಾಡಿನ ಗತಿ ನಿಮಿಷಕ್ಕೆ 120 ತಾಳದ ಪೆಟ್ಟುಗಳಷ್ಟಿದೆ ಎಂದುಕೊಳ್ಳೋಣ. ಆಗ ಸೆಕೆಂಡಿಗೆ ಎರಡು ಪೆಟ್ಟು. ಒಂದೊಂದು ಪೆಟ್ಟಿಗೆ ಹನ್ನೆರಡು ಚೌಕಟ್ಟು. ಕುಣಿಯುವ ಬಿಸ್ಕತ್ತಿನ ಪಾದವು ಪ್ರತಿ ಹನ್ನೆರಡನೆಯ ಚೌಕಟ್ಟಿಗೆ ನೆಲವನ್ನು ಮುಟ್ಟಿದರೆ ಹೆಜ್ಜೆಯೂ ತಾಳವೂ ಒಂದಾಗುತ್ತವೆ. ಆದುದರಿಂದ ನಿರ್ದೇಶಕನೂ ಸಂಗೀತಗಾರನೂ ಮೊದಲೇ ಕುಳಿತು ಯಾವ ಪೆಟ್ಟಿಗೆ ಯಾವ ಚಲನೆ ಎಂಬುದನ್ನು ಹಾಳೆಯ ಮೇಲೆ ಗುರುತು ಮಾಡಿಕೊಳ್ಳುತ್ತಿದ್ದರು. ಚಿತ್ರಕಾರನು ಸೀಸದ ಕಡ್ಡಿಯನ್ನು ಕೈಗೆತ್ತಿಕೊಳ್ಳುವುದು ಆಮೇಲೆ. ‘ಕುಕಿ ಕಾರ್ನಿವಲ್’ ಚಿತ್ರದಲ್ಲಿ ಈ ಇಬ್ಬರು ಬೆನ್ ಶಾರ್ಪ್‌ಸ್ಟೀನ್ ಮತ್ತು ಲೀ ಹಾರ್ಲೈನ್.

ಇನ್ನು ಕಥೆ. ರಾಣಿಯ ಪಟ್ಟವನ್ನು ಬಯಸುವ ಸುಂದರಿಯರು ಅಲಂಕರಿಸಿದ ಬಂಡಿಗಳ ಮೇಲೆ ಮೆರವಣಿಗೆಯಲ್ಲಿ ಸಾಗುತ್ತಿದ್ದಾರೆ. ಒಬ್ಬಳು ತೆಂಗಿನಕಾಯಿ ಮಿಠಾಯಿ, ಇನ್ನೊಬ್ಬಳು ಬಾಳೆಹಣ್ಣಿನ ಕೇಕು, ಮತ್ತೊಬ್ಬಳು ಸ್ಟ್ರಾಬೆರಿ. ಊರ ಹೊರಗೆ ಮಾತ್ರ ಬಡ ಸಕ್ಕರೆ ಬಿಸ್ಕತ್ತಿನ ಹುಡುಗಿಯೊಬ್ಬಳು ಅಳುತ್ತ ಕುಳಿತಿದ್ದಾಳೆ. ಮೆರವಣಿಗೆಗೆ ಹೋಗಲು ಅವಳಿಗೆ ಒಳ್ಳೆಯ ಉಡುಗೆಯಿಲ್ಲ. ಆ ದಾರಿಯಲ್ಲಿ ಶುಂಠಿ ಬಿಸ್ಕತ್ತಿನ ಅಲೆಮಾರಿಯೊಬ್ಬನು ಬರುತ್ತಾನೆ. ಪಾಶ್ಚಾತ್ಯರು ಶುಂಠಿ ಬೆರೆಸಿ ಮನುಷ್ಯಾಕಾರದಲ್ಲಿ ಬೇಯಿಸುವ ಬಿಸ್ಕತ್ತೇ ಅವನು. ಅವನು ಹುಡುಗಿಯ ಕಣ್ಣೊರಸಿ, ಸಿಹಿಪಾಕದಿಂದ ಅವಳಿಗೆ ಹೊಂಗೂದಲನ್ನೂ ಕೆನೆಯಿಂದ ಉಡುಪನ್ನೂ ಮಾಡಿಕೊಟ್ಟು, ‘ಮಿಸ್ ಬಾನ್‌ಬಾನ್’ ಎಂಬ ಹೆಸರಿನಲ್ಲಿ ಮೆರವಣಿಗೆಯ ಕೊನೆಯಲ್ಲಿ ಸೇರಿಸಿಬಿಡುತ್ತಾನೆ. ಅವಳನ್ನು ಕಂಡೊಡನೆ ತೀರ್ಪುಗಾರರು ಮಿಕ್ಕವರನ್ನೆಲ್ಲ ಮರೆತು ರಾಣಿಯ ಪಟ್ಟವನ್ನು ಅವಳಿಗೇ ಕಟ್ಟುತ್ತಾರೆ. ಅವಳಿಗೆ ಹಾಡಲು ಬರುತ್ತದೆಯೇ, ಕುಣಿಯಲು ಬರುತ್ತದೆಯೇ ಎಂದು ಒಬ್ಬರೂ ಕೇಳುವುದಿಲ್ಲ.

ಪ್ರತಿಭೆಯ ಪರೀಕ್ಷೆ ಇರುವುದು ಗಂಡಸರಿಗೆ. ರಾಜನಾಗಬಯಸುವವರು ತಂಡತಂಡವಾಗಿ ವೇದಿಕೆಗೆ ಬಂದು ತಮ್ಮ ವಿದ್ಯೆಯನ್ನು ಮೆರೆಯುತ್ತಾರೆ. ಚಿತ್ರದ ಜೀವಾಳವಿರುವುದು ಇಲ್ಲಿಯೇ. ಮೊಟ್ಟೆಯ ಬಿಳಿಭಾಗದಿಂದ ಮಾಡುವ ಹಗುರವಾದ ಬಿಳಿಯ ಕೇಕನ್ನು ಅಮೆರಿಕನ್ನರು ‘ದೇವದೂತರ ಕೇಕು’ ಎನ್ನುತ್ತಾರೆ. ಚಾಕೊಲೇಟಿನ ಕಪ್ಪು ಕೇಕಿಗೆ ‘ಸೈತಾನನ ಕೇಕು’ ಎಂದು ಹೆಸರು. ಚಿತ್ರದಲ್ಲಿ ದೇವದೂತರು ನಯವಾದ ಹೆಜ್ಜೆಯಿಟ್ಟು ಬಂದರೆ, ಸೈತಾನರು ಜಾಜ್ ಸಂಗೀತದ ರಭಸದಲ್ಲಿ ವೇದಿಕೆಯೇ ನಡುಗುವಂತೆ ಕುಣಿಯುತ್ತಾರೆ. ತಲೆಕೆಳಗಾಗಿ ಬೇಯಿಸುವ ಕೇಕುಗಳು ಲಾಗ ಹಾಕುವ ದೊಂಬರಾಗಿವೆ. ರಮ್ ಬೆರೆಸಿದ ಬಿಸ್ಕತ್ತುಗಳು ತೂರಾಡುತ್ತವೆ. ಕುಡುಕನನ್ನು ಕಂಡು ನಗುವುದು ಆ ಕಾಲದ ರಂಗಭೂಮಿಯ ಹಳೆಯ ಚಾಳಿ, ಇಂದಿನ ನೋಟಕ್ಕೆ ಅದು ಅಷ್ಟಾಗಿ ರುಚಿಸದು. ಒಂದೊಂದು ತಂಡಕ್ಕೆ ದೊರೆಯುವುದು ಕೆಲವೇ ಸೆಕೆಂಡುಗಳು. ಅಷ್ಟರಲ್ಲಿ ಅವರ ಸ್ವಭಾವವನ್ನು ತಿಳಿಸುವುದು ರಾಗದಿಂದ ಮತ್ತು ನಡಿಗೆಯಿಂದ ಮಾತ್ರ ಸಾಧ್ಯ. ಒಂದೇ ಹಿಟ್ಟಿನಿಂದಾದ ಎರಡು ಗೊಂಬೆಗಳು ಸೊಂಟ ಬಳುಕುವ ರೀತಿಯಿಂದಲೇ ಇವನು ಸಾಧು, ಇವನು ತುಂಟ ಎನಿಸಿಕೊಳ್ಳುವುದು ಸಣ್ಣ ಕೌಶಲವಲ್ಲ.

ರಾಣಿಗೆ ಇವರಲ್ಲಿ ಯಾರೂ ಒಪ್ಪಿಗೆಯಾಗುವುದಿಲ್ಲ. ಅಷ್ಟರಲ್ಲಿ ನಮ್ಮ ಅಲೆಮಾರಿಯು ಅವಳನ್ನು ನೋಡಲು ಒಳಗೆ ನುಸುಳಿ ಕಾವಲುಗಾರರ ಕೈಗೆ ಸಿಕ್ಕಿಬೀಳುತ್ತಾನೆ. ಅವರು ಅವನ ತಲೆಗೆ ಬಾರಿಸಲು ಕೈಯೆತ್ತಿದಾಗ ರಾಣಿಯು ತಡೆದು ಕೂಗುತ್ತಾಳೆ. ಇಂಗ್ಲಿಷಿನಲ್ಲಿ ‘ಕಿರೀಟವಿಡು’ ಎಂಬ ಅರ್ಥದ ಮಾತಿಗೆ ಆಡುನುಡಿಯಲ್ಲಿ ‘ತಲೆಗೆ ಬಾರಿಸು’ ಎಂಬ ಅರ್ಥವೂ ಉಂಟು. ಬಾರಿಸಬೇಡಿರೆಂದು ಅವಳು ಹೇಳಿದ ಮಾತಿನಲ್ಲಿ ತೀರ್ಪುಗಾರರು ಕಿರೀಟವನ್ನಷ್ಟೇ ಕೇಳಿಸಿಕೊಂಡು, ಇದೊಳ್ಳೆಯ ಉಪಾಯವೆಂದು ಅವನನ್ನೇ ರಾಜನನ್ನಾಗಿ ಮಾಡಿಬಿಡುತ್ತಾರೆ. ಸ್ಪರ್ಧೆಯಲ್ಲಿ ಭಾಗವಹಿಸದೆ ಇದ್ದವನೇ ಗೆದ್ದಂತಾಯಿತು!

ಅಲೆಮಾರಿಗೆ ಕಿರೀಟ ದೊರೆತುದನ್ನು ಕಂಡು 1935ರ ಪ್ರೇಕ್ಷಕರು ಹಿಗ್ಗಿದ್ದರೆ ಅದಕ್ಕೆ ಕಾರಣವಿತ್ತು. 1929ರಲ್ಲಿ ಆರಂಭವಾದ ಆರ್ಥಿಕ ಮುಗ್ಗಟ್ಟಿನಿಂದ ಅಮೆರಿಕ ತತ್ತರಿಸಿತ್ತು. 1933ರ ವೇಳೆಗೆ ಅಲ್ಲಿನ ದುಡಿಯುವ ಜನರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ನಿರುದ್ಯೋಗಿಗಳಾಗಿದ್ದರು. ಸರಕುಗಾಡಿಗಳಲ್ಲಿ ಕದ್ದು ಪ್ರಯಾಣ ಮಾಡುತ್ತ, ಊರಿಂದೂರಿಗೆ ಕೆಲಸ ಹುಡುಕುತ್ತ ಅಲೆಯುವವರು ಎಲ್ಲೆಲ್ಲಿಯೂ ಕಾಣುತ್ತಿದ್ದರು. ಒಂದರ ಹಿಂದೊಂದು ತಂಡವು ಬಂದು ಹಾಡಿ, ಕುಣಿದು, ನಗಿಸಿ ಹೋಗುವ ‘ವೋಡ್‌ವಿಲ್’ ಎಂಬ ರಂಗಪ್ರದರ್ಶನವು ಆ ವರ್ಷಗಳಲ್ಲಿ ಸಿನಿಮಾದ ಎದುರು ನಿಲ್ಲಲಾರದೆ ಸೊರಗುತ್ತಿತ್ತು. ಮಿಠಾಯಿಯೂರಿನ ವೇದಿಕೆಯು ಆ ಪ್ರದರ್ಶನದ ಅಣಕವೂ ಹೌದು, ನೆನಪೂ ಹೌದು. ಶುಂಠಿ ಬಿಸ್ಕತ್ತಿಗೆ ದನಿ ನೀಡಿದ ಪಿಂಟೊ ಕೋಲ್ವಿಗ್ ಕೂಡ ಹಿಂದೆ ಸರ್ಕಸ್ಸಿನಲ್ಲಿ ವಿದೂಷಕನಾಗಿ ಬಣ್ಣ ಹಚ್ಚಿದ್ದವರು.

ಬಂಡಿಗಳ ಮೆರವಣಿಗೆಗೂ ಒಂದು ಮೂಲವುಂಟು. ಅಟ್ಲಾಂಟಿಕ್ ಸಿಟಿ ಎಂಬ ಕಡಲತೀರದ ನಗರದಲ್ಲಿ 1921ರಿಂದ ‘ಮಿಸ್ ಅಮೆರಿಕ’ ಸ್ಪರ್ಧೆ ನಡೆಯುತ್ತಿತ್ತು. ನಡುವೆ ಕೆಲವು ವರ್ಷ ನಿಂತೂ ಹೋಗಿತ್ತು. ಚಿತ್ರವು ತೆರೆಕಂಡ 1935ರಲ್ಲಿಯೇ ಆ ಸ್ಪರ್ಧೆಗೆ ಪ್ರತಿಭಾಪ್ರದರ್ಶನವೆಂಬ ಹೊಸ ಅಂಗವನ್ನು ಸೇರಿಸಿದರು. 1938ರಲ್ಲಿ ಅದು ಎಲ್ಲ ಸ್ಪರ್ಧಿಗಳಿಗೂ ಕಡ್ಡಾಯವಾಯಿತು. ಮಿಠಾಯಿಯೂರಿನ ತೀರ್ಪುಗಾರರಿಗೆ ಮಾತ್ರ ಈ ಬುದ್ಧಿ ಹೊಳೆಯಲಿಲ್ಲ. ಹುಡುಗಿಯ ಬೆಲೆಯನ್ನು ಅವಳ ಕೆನೆಯ ಉಡುಪಿನಲ್ಲಿ ಅಳೆದದ್ದು ಈ ಸೊಗಸಾದ ಚಿತ್ರದ ಕುಂದು ಎಂದೇ ಹೇಳಬೇಕು.

ಆದರೆ ತೆರೆಯ ಹಿಂದೆ ಅತ್ಯಂತ ಕಠಿಣವಾದ ಪರೀಕ್ಷೆ ಇದ್ದುದು ಈ ಹುಡುಗಿಯ ಪಾತ್ರದಲ್ಲಿಯೇ. ಡಿಸ್ನಿಯವರ ಮನಸ್ಸಿನಲ್ಲಿ ಆಗ ‘ಸ್ನೋ ವೈಟ್’ ಎಂಬ ಪೂರ್ಣಪ್ರಮಾಣದ ಚಿತ್ರದ ಯೋಜನೆಯಿತ್ತು. ಹಂದಿ, ಬಾತುಗಳನ್ನು ಕುಣಿಸಬಲ್ಲ ಅವರ ಕಲಾವಿದರಿಗೆ ಒಬ್ಬ ಹುಡುಗಿಯನ್ನು ಸಹಜವಾಗಿ ನಡೆಸುವುದು ಬರುತ್ತಿರಲಿಲ್ಲ. ಹಂದಿಯ ಕಾಲು ಒಂದಿಷ್ಟು ಉದ್ದವಾದರೆ ನಗು ಬರುತ್ತದೆ. ಹುಡುಗಿಯ ತೋಳು ತಪ್ಪಾಗಿ ಬಾಗಿದರೆ ನಂಬಿಕೆಯೇ ಹೋಗುತ್ತದೆ. ಹಿಂದಿನ ವರ್ಷ, 1934ರಲ್ಲಿ, ಇದೇ ಮಾಲೆಯ ‘ವಸಂತದೇವತೆ’ಯ ಚಿತ್ರದಲ್ಲಿ ನಾಯಕಿಯ ತೋಳುಗಳು ಮೂಳೆಯಿಲ್ಲದ ರಬ್ಬರಿನಂತೆ ಬಾಗಿದ್ದವು. ಸಕ್ಕರೆ ಬಿಸ್ಕತ್ತಿನ ಹುಡುಗಿಯನ್ನು ಚಿತ್ರಿಸುವ ಕೆಲಸವು ಗ್ರಿಮ್ ನ್ಯಾಟ್‌ವಿಕ್ ಎಂಬ ಕಲಾವಿದರ ಪಾಲಿಗೆ ಬಂತು. ವಿಯೆನ್ನಾ ನಗರದಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದ್ದ ಅವರು ಬೇರೊಂದು ಸಂಸ್ಥೆಯಲ್ಲಿದ್ದಾಗ ‘ಬೆಟ್ಟಿ ಬೂಪ್’ ಎಂಬ ಪ್ರಸಿದ್ಧ ಪಾತ್ರವನ್ನು ರೂಪಿಸಿದ್ದರು. ಬಿಸ್ಕತ್ತಿನ ಹುಡುಗಿಯು ನಾಚಿ ತಲೆಬಾಗುವಾಗ, ಬೇಡವೆಂದು ಕೈಯಾಡಿಸುವಾಗ ಮೂಳೆಯಿರುವ ದೇಹವೊಂದು ಕದಲಿದಂತೆ ತೋರುತ್ತದೆ.

ಎರಡೂವರೆ ವರ್ಷಗಳ ತರುವಾಯ, 1937ರ ಡಿಸೆಂಬರ್ 21ರಂದು, ‘ಸ್ನೋ ವೈಟ್’ ಚಿತ್ರದ ಮೊದಲ ಪ್ರದರ್ಶನವು ಲಾಸ್ ಏಂಜಲೀಸಿನಲ್ಲಿ ನಡೆಯಿತು. ಅದರ ಅವಧಿ 83 ನಿಮಿಷ. ಅಷ್ಟು ಹೊತ್ತೂ ಪ್ರೇಕ್ಷಕರು ನಂಬಬೇಕಾಗಿದ್ದ ನಾಯಕಿಯ ಅನೇಕ ದೃಶ್ಯಗಳನ್ನು ರಚಿಸಿದವರು ಅದೇ ಗ್ರಿಮ್ ನ್ಯಾಟ್‌ವಿಕ್.