ಬಿಳಿಗೆರೆಯ ಭಯ, ಗೇರುತೋಟದ ಸಾಕ್ಷ್ಯ

ಮಳೆಗಾಲ ಮುಗಿದು ಆಕಾಶ ತಿಳಿಯಾದ ಮೇಲೆ ಶಂಕರನಾರಾಯಣ, ಹಾಲಾಡಿ, ಸಿದ್ದಾಪುರದ ಕಡೆ ಎತ್ತರದ ವಿಮಾನಗಳ ಬಿಳಿಗೆರೆಗಳು ಕಾಣಿಸತೊಡಗುತ್ತವೆ. ಕೆಲವು ವಿಮಾನದ ಬೆನ್ನಿಗೇ ಕರಗುತ್ತವೆ, ಕೆಲವು ತಾಸುಗಟ್ಟಲೆ ಉಳಿದು ತೆಳುಮೋಡವಾಗಿ ಹರಡುತ್ತವೆ. ಹೀಗೆ ಉಳಿಯುವ ಗೆರೆ ಯಾರೋ ಗುಟ್ಟಾಗಿ ಸಿಂಪಡಿಸಿದ ರಾಸಾಯನಿಕ ಎಂಬ ವಾದ 1990ರ ದಶಕದ ಕೊನೆಗೆ ಅಮೆರಿಕದಲ್ಲಿ ಹುಟ್ಟಿತು. ‘ಕೆಮ್‌ಟ್ರೇಲ್’ ಎಂಬ ಹೆಸರು ಹೊತ್ತು ಲೋಕವೆಲ್ಲ ಸುತ್ತಿತು. ಆ ಭಯವನ್ನು ಮೌಢ್ಯವೆಂದು ತಳ್ಳಿಹಾಕುವುದು ನಮ್ಮ ಕರಾವಳಿಯ ಮಟ್ಟಿಗೆ ಅನ್ಯಾಯ. ಇಲ್ಲಿ ಆಕಾಶದಿಂದ ವಿಷ ಬಿದ್ದದ್ದು ನಿಜ. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಗೇರುತೋಟಗಳಲ್ಲೂ ಸುರಿದರು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಸಂತ್ರಸ್ತರಿಗೆ ಸರ್ಕಾರ ಇಂದಿಗೂ ಮಾಸಾಶನ ಕೊಡುತ್ತಿದೆ.

ಆದರೆ ಅದೇ ಇತಿಹಾಸ ಬಿಳಿಗೆರೆಯ ವಾದವನ್ನು ಬೀಳಿಸುತ್ತದೆ. ಹೆಲಿಕಾಪ್ಟರ್ ಹಾರಿದ್ದು ಮರಗಳ ತಲೆಯ ಮೇಲೆಯೇ, ಏಕೆಂದರೆ ಮದ್ದು ಬೀಳಬೇಕಾದಲ್ಲಿ ಬೀಳಬೇಕಾದರೆ ಬೇರೆ ದಾರಿಯಿಲ್ಲ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವವರು ಗಾಳಿ ಎದ್ದರೆ ಕೈಬಿಟ್ಟು ಇಳಿಯುತ್ತಾರೆ, ಕೊನೆಯ ಪಕ್ಕದಲ್ಲೇ ಇದ್ದರೂ ಹನಿ ಗುರಿ ತಪ್ಪುತ್ತದೆ. ಬಿಳಿಗೆರೆ ಮೂಡುವುದು ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಬಿಟ್ಟ 10 ಮೈಕ್ರಾನಿನ ಹನಿ, ಆವಿಯಾಗದೆ ಉಳಿದರೂ, ನಿಶ್ಚಲ ಗಾಳಿಯಲ್ಲೇ ನೆಲ ಮುಟ್ಟಲು ತಿಂಗಳಿಗೂ ಹೆಚ್ಚು ಕಾಲ ಬೇಕು. ಗಾಳಿಯ ಓಟದಲ್ಲಿ ಅದು ಬೀಳುವುದು ಯಾವ ದೇಶದಲ್ಲೋ. ಒಂದು ಊರಿಗೆ ವಿಷ ಹಾಕಲು ಹೊರಟವನು ಇದಕ್ಕಿಂತ ನಿಷ್ಪ್ರಯೋಜಕ ವಿಧಾನವನ್ನು ಹುಡುಕಲಾರ.

ಹಾಗಾದರೆ ಆ ಗೆರೆ ಏನು? ಒಂದು ಕಿಲೋ ವಿಮಾನ ಇಂಧನ ಉರಿದರೆ ಸುಮಾರು 1.25 ಕಿಲೋ ನೀರಾವಿ ಹೊರಬರುತ್ತದೆ. ಹೊರಗೆ ಉಷ್ಣತೆ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ. ಆವಿ ಮಸಿಯ ಕಣಗಳ ಮೇಲೆ ಹನಿಗಟ್ಟಿ, ಕ್ಷಣದಲ್ಲೇ ಮಂಜುಗಡ್ಡೆಯ ಹರಳಾಗುತ್ತದೆ. ಸುತ್ತಲ ಗಾಳಿ ಒಣಗಿದ್ದರೆ ಹರಳು ಮತ್ತೆ ಆವಿಯಾಗಿ ಗೆರೆ ಅಳಿಯುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಹರಳು ಅಲ್ಲಿನ ಆವಿಯನ್ನೇ ಹೀರಿ ಬೆಳೆಯುತ್ತದೆ. ಗೆರೆಯ ಆಯುಸ್ಸನ್ನು ನಿರ್ಧರಿಸುವುದು ಗಾಳಿ, ವಿಮಾನದ ಹೊಟ್ಟೆಯಲ್ಲಿರುವುದಲ್ಲ. ಜರ್ಮನಿಯ ಎರ್ನ್ಸ್ಟ್ ಶ್ಮಿಟ್ 1941ರಲ್ಲಿ, ಅಮೆರಿಕದ ಹರ್ಬರ್ಟ್ ಆಪಲ್‌ಮನ್ 1953ರಲ್ಲಿ ಗೆರೆ ಮೂಡುವ ಲೆಕ್ಕ ಬರೆದಿಟ್ಟರು. ‘ಹಿಂದೆ ಗೆರೆ ಉಳಿಯುತ್ತಿರಲಿಲ್ಲ’ ಎನ್ನುವವರು ಎರಡನೇ ಮಹಾಯುದ್ಧದ ಚಿತ್ರಗಳನ್ನು ನೋಡಬೇಕು. ಬಾಂಬರ್ ವಿಮಾನಗಳು ಯುರೋಪಿನ ಆಕಾಶವನ್ನೇ ಗೆರೆಗಳಿಂದ ಮುಚ್ಚಿದ್ದವು.

ಮಳೆನೀರಿನಲ್ಲಿ ಅಲ್ಯುಮಿನಿಯಂ ಸಿಕ್ಕಿದೆಯಲ್ಲ ಎಂಬ ಆಕ್ಷೇಪವಿದೆ. ನಮ್ಮ ಮನೆಗೋಡೆಯ ಕೆಂಪುಕಲ್ಲಿನಲ್ಲೇ ಕಬ್ಬಿಣದ ಜೊತೆ ಅಲ್ಯುಮಿನಿಯಂ ತುಂಬಿದೆ. ಧೂಳು ಬಿದ್ದ ನೀರಿನಲ್ಲಿ ಅದು ಸಿಗದಿದ್ದರೇ ಆಶ್ಚರ್ಯ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಕರ್ನಾಟಕ ಸರ್ಕಾರವೇ ವಿಮಾನದಿಂದ ರಾಸಾಯನಿಕ ಬಿಟ್ಟಿದೆ. ಹೌದು, 2003ರಲ್ಲಿ ‘ವರುಣ’, 2017ರಲ್ಲಿ ಬೆಂಗಳೂರಿನ ಜಕ್ಕೂರಿನಿಂದ ‘ವರ್ಷಧಾರಿ’. ಆದರೆ ಆ ಮೋಡಬಿತ್ತನೆ ಸಾರಿ ಹೇಳಿ ಮಾಡಿದ್ದು. ಮಳೆಮೋಡ ಇಲ್ಲದಿದ್ದರೆ ಅದು ನಡೆಯುವುದೇ ಇಲ್ಲ. ಬಿಳಿಗೆರೆ ಕಾಣುವುದೋ ಮೋಡವಿಲ್ಲದ ಆಕಾಶದಲ್ಲಿ. 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ವಾತಾವರಣ ಮತ್ತು ಕಣಗಳ ರಸಾಯನವನ್ನು ಬಲ್ಲ 77 ವಿಜ್ಞಾನಿಗಳ ಪೈಕಿ 76 ಮಂದಿ ಗುಪ್ತ ಸಿಂಪಡಣೆಗೆ ಪುರಾವೆ ಕಂಡಿಲ್ಲ ಎಂದರು. ಹಾಗೆಂದು ಗೆರೆ ನಿರಪಾಯವೂ ಅಲ್ಲ: ಉಳಿದು ಹರಡಿದ ಗೆರೆಮೋಡ ಭೂಮಿಯ ಶಾಖವನ್ನು ತಡೆಹಿಡಿದು ತಾಪ ಏರಿಸುತ್ತದೆ. ಈ ಹಾನಿ ಗುಟ್ಟಿನದಲ್ಲ, ಅಳೆದು ಕಂಡದ್ದು.

ಎಂಡೋಸಲ್ಫಾನ್ ವಿಷಯದಲ್ಲಿ ಜನ ಗೆದ್ದದ್ದು ಅನುಮಾನದ ಬಲದಿಂದಲ್ಲ. ಯಾವ ತೋಟ, ಯಾವ ಮದ್ದು, ಯಾರು ಹೊಡೆದರು, ಯಾವ ಮನೆಯ ಮಗುವಿಗೆ ಏನಾಯಿತು ಎಂದು ಹೆಸರು ಹಿಡಿದು ಕೇಳಿದರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ದೇಶದಾದ್ಯಂತ ತಡೆಯಿತು. ಈಗ ಹೊಲ, ತೋಟಗಳಿಗೆ ಮದ್ದು ಹೊಡೆಯುವ ಡ್ರೋನ್‌ಗಳು ಬಂದಿವೆ. ಅವು ಹಾರುವುದು ಬೆಳೆಯಿಂದ ಕೆಲವೇ ಅಡಿ ಮೇಲೆ. ಟ್ಯಾಂಕಿನಲ್ಲಿ ಯಾವ ಮದ್ದಿದೆ, ಪಕ್ಕದ ಮನೆಯ ಬಾವಿ ಎಷ್ಟು ದೂರ, ಜೇನುಪೆಟ್ಟಿಗೆ ಇಟ್ಟವರಿಗೆ ತಿಳಿಸಿದ್ದೀರಾ ಎಂದು ಅಲ್ಲಿ ಕೇಳಬೇಕು.