ಮುಂಗಾಲಿನ ಕಟ್ಟು: ನಾಯಿ, ಬೆಕ್ಕು ಮತ್ತು ಎತ್ತು



ಕೊಟ್ಟಿಗೆಯ ಎತ್ತು ಕುಂಟಿದರೆ ನೀವು ಅಂದೇ ಅದರ ಗೊರಸನ್ನು ಎತ್ತಿ ನೋಡುತ್ತೀರಿ. ಮನೆ ಕಾಯುವ ನಾಯಿ ಮುಂಗಾಲನ್ನು ಎತ್ತಿಕೊಂಡು ಮೂರು ಕಾಲಿನಲ್ಲಿ ಬಂದರೆ ‘ತಾನಾಗಿಯೇ ವಾಸಿಯಾಗುತ್ತದೆ’ ಎಂದು ಬಿಟ್ಟುಬಿಡುವುದುಂಟು. ದವಸದ ಮನೆಯಲ್ಲಿ ಇಲಿ ಹಿಡಿಯುವ ಬೆಕ್ಕನ್ನಂತೂ ಕೇಳುವವರೇ ಇಲ್ಲ. ಆದರೆ ಈ ಮೂರು ಪ್ರಾಣಿಗಳ ಮುಂಗಾಲಿನ ಕಟ್ಟು ಮೂಲದಲ್ಲಿ ಒಂದೇ. ಪಶುವೈದ್ಯ ವಿದ್ಯಾರ್ಥಿಗಳು ಒಂದರ ಕಾಲನ್ನು ಇನ್ನೊಂದರ ಕಾಲಿಗೆ ಹೋಲಿಸಿಯೇ ಪಾಠ ಕಲಿಯುತ್ತಾರೆ. ಹಳ್ಳಿಕಾರ್ ಎತ್ತುಗಳನ್ನು ಸಾಕಿ ಬಲ್ಲ ಮಂಡ್ಯ, ಮದ್ದೂರು, ಮಳವಳ್ಳಿಯ ರೈತರಿಗೆ ಅರ್ಧ ಪಾಠ ಆಗಲೇ ಬಂದಿದೆಯೆಂದು ಹೇಳಬಹುದು.

ನಿಮ್ಮ ಕತ್ತಿನ ಬುಡದಲ್ಲಿ ಬೆರಳಿಟ್ಟು ನೋಡಿ. ಎದೆಯ ನಡುವಿನಿಂದ ಹೆಗಲಿನವರೆಗೆ ಒಂದು ಅಡ್ಡ ಎಲುಬು ಸಿಗುತ್ತದೆ. ನಮ್ಮ ತೋಳನ್ನು ಮೈಗೆ ಕೀಲಿನ ಮೂಲಕ ಜೋಡಿಸಿರುವುದು ಈ ಎಲುಬು. ಎತ್ತಿಗೆ ಇದು ಇಲ್ಲವೇ ಇಲ್ಲ. ನಾಯಿಗೆ ಹೆಸರಿಗೊಂದು ಚೂರು ಉಂಟು. ಬೆಕ್ಕಿಗೆ ಕಡ್ಡಿಯಂಥ ಸಣ್ಣ ಎಲುಬೊಂದಿದ್ದರೂ ಅದು ಮಾಂಸದೊಳಗೆ ಹುದುಗಿರುತ್ತದೆಯೇ ಹೊರತು ಯಾವ ಮೂಳೆಗೂ ಕೀಲು ಕೂಡಿರುವುದಿಲ್ಲ. ಹಾಗಾದರೆ ಮುಂಗಾಲು ಮೈಗೆ ನಿಂತಿರುವುದು ಯಾತರಿಂದ? ಬರೀ ಮಾಂಸಖಂಡಗಳಿಂದ. ಪಕ್ಕೆಲುಬುಗಳಿಂದ ಹೊರಟು ಬೀಸಣಿಗೆಯಂತೆ ಹರಡಿ, ಹೆಗಲ ಹಲಗೆಯ ಒಳಮಗ್ಗುಲಿಗೆ ಅಂಟಿಕೊಂಡಿರುವ ಖಂಡವೊಂದು ಎರಡು ಕಡೆಗೂ ಇದೆ. ಆ ಎರಡರ ನಡುವೆ ಎದೆಗೂಡು ತೊಟ್ಟಿಲಿನಂತೆ ತೂಗುತ್ತದೆ.

ಇದರಿಂದ ಲಾಭವೂ ಉಂಟು, ಅಪಾಯವೂ ಉಂಟು. ಹೆಂಚಿನ ಮೇಲಿಂದ ಹಾರಿದ ಬೆಕ್ಕು ಮುಂಗಾಲೂರಿ ಇಳಿದಾಗ, ಬಿದ್ದ ರಭಸವನ್ನು ಈ ಮಾಂಸದ ತೊಟ್ಟಿಲೇ ನುಂಗಿಕೊಳ್ಳುತ್ತದೆ. ಹೆಗಲುಗಳು ಒಂದಕ್ಕೊಂದು ಒತ್ತಿಕೊಳ್ಳಬಲ್ಲುದರಿಂದ, ತಲೆ ತೂರಿದ ಕಿಂಡಿಯಲ್ಲಿ ಬೆಕ್ಕಿನ ಮೈಯೂ ತೂರುತ್ತದೆ. ಅಪಾಯದ ಮಾತು ಮುಂದೆ ಬರುತ್ತದೆ.

ಪ್ರಾಣಿಯ ತೂಕವೆಲ್ಲ ನಾಲ್ಕು ಕಾಲಿಗೂ ಸಮನಾಗಿ ಹಂಚಿರುವುದಿಲ್ಲ. ತಲೆ, ಕತ್ತು ಮುಂದಿರುವುದರಿಂದ ಮುಂಗಾಲುಗಳೇ ಹೆಚ್ಚು ಹೊರುತ್ತವೆ. 20 ಕಿಲೋ ತೂಗುವ ನಾಯಿಯಲ್ಲಿ ಸುಮಾರು 12 ಕಿಲೋ ಮುಂಗಾಲುಗಳ ಮೇಲೆ ಬೀಳುತ್ತದೆ. ಎತ್ತಿನಲ್ಲಿಯೂ ಭಾರ ಮುಂದಕ್ಕೇ ಹೆಚ್ಚು. ಇದರ ಮೇಲೆ ನೊಗವೂ ಸೇರಿದರೆ ಎಷ್ಟಾದೀತು ನೋಡಿ. ಆಲೆಮನೆಗೆ ಕಬ್ಬು ಹೇರುವಾಗ ಗಾಡಿ ಮುಂಭಾರವಾದರೆ ಆ ಹೆಚ್ಚುವರಿ ತೂಕ ಹಿಣಿಲಿನ ಮುಂದಿನಿಂದ ಇಳಿದು ಇದೇ ಮಾಂಸದ ಕಟ್ಟಿನ ಮೇಲೆ ಬೀಳುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ಅಚ್ಚಿನ ಮೇಲೆ ತೂಕ ಸಮನಾಗಿ ನಿಲ್ಲುವಂತೆ ಹೇರುವುದೇ ಸರಿ.

ಯಾವ ಮುಂಗಾಲಿನಲ್ಲಿ ನೋವಿದೆ ಎಂದು ತಿಳಿಯಲು ಕಾಲನ್ನು ನೋಡುವುದಕ್ಕಿಂತ ಮೊದಲು ತಲೆಯನ್ನು ನೋಡಬೇಕು. ಗಟ್ಟಿ ನೆಲದ ಮೇಲೆ ಒಬ್ಬರು ಮೆಲ್ಲಗೆ ನಡೆಸಲಿ, ನೀವು ಎದುರಿಗೆ ನಿಲ್ಲಿ. ನೋವಿನ ಕಾಲು ನೆಲಕ್ಕೆ ತಾಗುವಾಗ ಪ್ರಾಣಿ ತಲೆಯನ್ನು ಮೇಲೆತ್ತುತ್ತದೆ; ಒಳ್ಳೆಯ ಕಾಲು ಊರಿದಾಗ ತಲೆ ತಗ್ಗುತ್ತದೆ. ಅನೇಕರು ಇದನ್ನು ತಿರುವುಮುರುವಾಗಿ ತಿಳಿದು ಒಳ್ಳೆಯ ಕಾಲಿಗೆ ಎಣ್ಣೆ ತಿಕ್ಕುತ್ತಾರೆ. ನಾಯಿಗೂ ಎತ್ತಿಗೂ ಈ ಪರೀಕ್ಷೆ ಒಂದೇ.

ಕೀಲುಗಳ ಹೆಸರಿನಲ್ಲಿಯೂ ಒಂದು ಗೊಂದಲವಿದೆ. ಎತ್ತಿನ ಮುಂಗಾಲಿನಲ್ಲಿ ನಾವು ಮಂಡಿ ಎನ್ನುವುದು ನಿಜವಾಗಿ ನಮ್ಮ ಮಣಿಕಟ್ಟು. ಮೊಣಕೈ ಇರುವುದು ಅದಕ್ಕಿಂತ ಮೇಲೆ, ಎದೆಯ ಪಕ್ಕದಲ್ಲಿ. ಮಂಡಿಯ ಕೆಳಗಿನ ಉದ್ದ ಮೂಳೆ ನಮ್ಮ ಅಂಗೈಯ ಮೂಳೆಗಳಲ್ಲಿ ಎರಡು ಬೆಸೆದು ಒಂದಾದದ್ದು. ಸೀಳುಗೊರಸಿನ ಎರಡು ಭಾಗಗಳು ಎರಡು ಬೆರಳುಗಳು. ನಾಯಿ, ಬೆಕ್ಕುಗಳ ಮುಂಗಾಲಿಗೆ ಐದು ಬೆರಳುಂಟು. ಒಳಮಗ್ಗುಲಿನ ಹೆಬ್ಬೆರಳು ನೆಲ ಮುಟ್ಟುವುದಿಲ್ಲ. ನೆಲ ಮುಟ್ಟದ್ದರಿಂದ ಅದರ ಉಗುರು ಸವೆಯದೆ, ಕೆಲವು ನಾಯಿಗಳಲ್ಲಿ ಬಾಗಿ ಮಾಂಸದೊಳಕ್ಕೇ ಚುಚ್ಚಿಕೊಳ್ಳುತ್ತದೆ. ಕಾರಣ ತಿಳಿಯದೆ ಕುಂಟುವ ನಾಯಿಯಲ್ಲಿ ಇದನ್ನು ಮೊದಲು ನೋಡಿ.

ಮೊಣಕೈಯಿಂದ ಮಣಿಕಟ್ಟಿನವರೆಗೆ ನಮಗೆ ಎರಡು ಮೂಳೆಗಳಿವೆ. ಅಂಗೈಯನ್ನು ಮೇಲೆ ಕೆಳಗೆ ಹೊರಳಿಸಲು ಸಾಧ್ಯವಾಗುವುದು ಇವುಗಳಿಂದಲೇ. ಎತ್ತಿನಲ್ಲಿ ಇವೆರಡೂ ಬೆಸೆದುಹೋಗಿವೆ. ನಡೆಯಲು, ಎಳೆಯಲು ಅಷ್ಟು ಸಾಕು. ನಾಯಿಯಲ್ಲಿ ಬೇರೆ ಬೇರೆಯಾಗಿದ್ದು ಸ್ವಲ್ಪ ಹೊರಳುತ್ತವೆ. ಬೆಕ್ಕಿನಲ್ಲಿ ಇನ್ನೂ ಹೆಚ್ಚು ಹೊರಳುವುದರಿಂದಲೇ ಅದು ಇಲಿಯನ್ನು ಎರಡು ಕೈಯಲ್ಲಿ ಹಿಡಿಯುತ್ತದೆ, ತೆಂಗಿನ ಮರ ಏರುತ್ತದೆ.

ಈಗ ಅಪಾಯದ ಮಾತು. ಮುಂಗಾಲನ್ನು ಆಡಿಸುವ ನರಗಳು ಕತ್ತಿನ ಬುಡದ ಬೆನ್ನೆಲುಬಿನಿಂದ ಹೊರಟು ಕಂಕುಳಿನ ಮೂಲಕ ಕಾಲಿಗಿಳಿಯುತ್ತವೆ. ಅವುಗಳಲ್ಲಿ ದೊಡ್ಡದೊಂದು ತೋಳಿನ ಮೂಳೆಯನ್ನು ಸುತ್ತಿ ಹೊರಮಗ್ಗುಲಿಗೆ ಬರುತ್ತದೆ. ಮೊಣಕೈಯನ್ನು ಚಾಚಿ ಮೈಭಾರ ಹೊರಿಸುವುದು ಈ ನರದ ಕೆಲಸ. ಬೆಂಗಳೂರು–ಮೈಸೂರು ಹೆದ್ದಾರಿ 2023ರಲ್ಲಿ ಉದ್ಘಾಟನೆಯಾದ ಮೇಲೆ ಮದ್ದೂರು, ಮಂಡ್ಯದ ಬಳಿ ವಾಹನಗಳ ವೇಗ ಎಷ್ಟೆಂಬುದು ನಿಮಗೆ ಗೊತ್ತು. ಡಿಕ್ಕಿಯ ಹೊಡೆತಕ್ಕೆ ನಾಯಿಯ ಕಾಲು ಮೈಯಿಂದ ಆಚೆಗೆ ಸೆಳೆದಂತಾದಾಗ ಹಿಡಿದಿಡಲು ಎಲುಬಿಲ್ಲ. ಮಾಂಸ ಹಿಗ್ಗುತ್ತದೆ, ನರ ಬುಡದಲ್ಲಿಯೇ ಕಿತ್ತುಬರುತ್ತದೆ. ಮೂಳೆ ಮುರಿಯದಿದ್ದರೂ ಕಾಲು ಜೋತುಬಿದ್ದು, ಪಾದದ ಮೇಲ್ಮೈ ನೆಲಕ್ಕೆ ಉಜ್ಜುತ್ತದೆ.

ಇಂಥ ನಾಯಿಯನ್ನು ಮುಟ್ಟುವ ಮೊದಲು ಉಸಿರಾಡಲು ಅಡ್ಡಿಯಾಗದಂತೆ ಅದರ ಬಾಯಿಗೆ ಬಟ್ಟೆಯ ಪಟ್ಟಿ ಕಟ್ಟಿ. ನೋವಿನಲ್ಲಿರುವ ನಾಯಿ ಒಡೆಯನನ್ನೂ ಕಚ್ಚುತ್ತದೆ. ಕಚ್ಚಿದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಆಮೇಲೆ ಜೋತ ಕಾಲಿನ ಬೆರಳನ್ನು ಚಿವುಟಿ ನೋಡಿ. ಕಾಲನ್ನು ಎಳೆದುಕೊಂಡರಷ್ಟೇ ಸಾಲದು. ಕುಂಯ್ಗುಡುತ್ತದೆಯೇ, ತಿರುಗಿ ನೋಡುತ್ತದೆಯೇ ಎಂಬುದು ಮುಖ್ಯ. ನೋವು ತಿಳಿಯುತ್ತಿದ್ದರೆ ಆಸೆ ಉಂಟು. ವಾರಗಳು ಕಳೆದರೂ ತಿಳಿಯದಿದ್ದರೆ ಕಾಲು ಮರಳಿ ಬರುವುದು ಕಷ್ಟ. ಆಗ ವೈದ್ಯರು ಕಾಲನ್ನು ತೆಗೆಯಬೇಕೆಂದರೆ ಹೆದರಬೇಡಿ. ಮೂರು ಕಾಲಿನ ನಾಯಿ ಚೆನ್ನಾಗಿಯೇ ಮನೆ ಕಾಯುತ್ತದೆ.

ಎತ್ತಿಗೂ ಇದೇ ನರದ ತೊಂದರೆ ಬರುತ್ತದೆ, ಆದರೆ ಬೇರೆ ದಾರಿಯಿಂದ. ಲಾಳ ಕಟ್ಟಲು ಎತ್ತನ್ನು ಹಗ್ಗ ಹಾಕಿ ಕೆಡವಿ, ಗಟ್ಟಿ ನೆಲದ ಮೇಲೆ ಒಂದೇ ಮಗ್ಗುಲಿಗೆ ಬಹಳ ಹೊತ್ತು ಮಲಗಿಸಿದರೆ, ಅದರ ತೂಕಕ್ಕೆ ಸಿಕ್ಕಿ ಕೆಳಗಿನ ಹೆಗಲಿನ ನರ ಜಜ್ಜುತ್ತದೆ. ಎದ್ದ ಎತ್ತು ಮೊಣಕೈ ಇಳಿಬಿಟ್ಟು, ಗೊರಸಿನ ತುದಿಯನ್ನು ಎಳೆಯುತ್ತ ನಿಲ್ಲುತ್ತದೆ. ಕೆಡವುವ ಕಡೆ ದಪ್ಪವಾಗಿ ಹುಲ್ಲು ಹರಡಿ. ಕೆಲಸ ಬೇಗ ಮುಗಿಸಿ ಎಬ್ಬಿಸಿ. ಒಂದು ಹೊರೆ ಹುಲ್ಲಿನ ಬೆಲೆಯೆಷ್ಟು, ಎತ್ತಿನ ಬೆಲೆಯೆಷ್ಟು! ನರ ಜಜ್ಜಿದ್ದರೆ ಬರೆ ಹಾಕಬೇಡಿ. ಬರೆಯಿಂದ ನರ ಕೂಡುವುದಿಲ್ಲ, ಚರ್ಮ ಸುಡುತ್ತದೆ ಅಷ್ಟೆ. ಮೆತ್ತನೆಯ ಜಾಗದಲ್ಲಿ ಕಟ್ಟಿ ವಿಶ್ರಾಂತಿ ಕೊಟ್ಟರೆ ಹಲವು ಎತ್ತುಗಳು ಚೇತರಿಸಿಕೊಳ್ಳುತ್ತವೆ.

ಆದರೆ ಆರು ತಿಂಗಳಿಂದ ಎರಡು ವರ್ಷದೊಳಗಿನ ಪುಷ್ಟವಾದ ಕರು ಮಳೆಗಾಲದ ಮೊದಲಲ್ಲಿ ಇದ್ದಕ್ಕಿದ್ದಂತೆ ಕುಂಟಿ, ಜ್ವರ ಬಂದು, ಹೆಗಲು ಅಥವಾ ತೊಡೆ ಬಾತು, ಒತ್ತಿದರೆ ಚರಚರ ಸದ್ದಾದರೆ, ಅದು ಪೆಟ್ಟಲ್ಲ, ಚಪ್ಪೆ ಬೇನೆ. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಬೆಳಗಾಗಲಿ ಎಂದು ಕಾಯಬಾರದು. ಸತ್ತರೆ ಚರ್ಮ ಸುಲಿಯದೆ ಸುಣ್ಣ ಹಾಕಿ ಆಳವಾಗಿ ಹೂಳಿ. ಮಳೆಗೆ ಮುಂಚೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿದ ಮನೆಯಲ್ಲಿ ಈ ದುಃಖ ಕಾಣುವುದು ಅಪರೂಪ. ಮಳವಳ್ಳಿ ಕಡೆಯ ಬಂಡೂರು ಕುರಿಯವರೂ ಇದನ್ನು ನೆನಪಿಡಿ, ಕುರಿಗೂ ಈ ರೋಗ ತಗಲುತ್ತದೆ.

ಮೂಳೆ ಮುರಿದ ನಾಯಿಗೆ ಬಿದಿರಿನ ದಬ್ಬೆ ಕಟ್ಟುವ ವಾಡಿಕೆ ಇದೆ. ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗದಂತೆ ಕಟ್ಟಿದರೆ ಮಾತ್ರ ದಬ್ಬೆಯಿಂದ ಪ್ರಯೋಜನ. ಮೊಣಕೈಗಿಂತ ಮೇಲೆ ಮುರಿದಿದ್ದರೆ ಹಾಗೆ ಕಟ್ಟಲು ಬರುವುದಿಲ್ಲ. ದಬ್ಬೆಯ ಭಾರಕ್ಕೆ ಮುರಿತ ಇನ್ನೂ ಕೆಡುತ್ತದೆ. ಅಂಥ ನಾಯಿಯನ್ನು ಹಲಗೆಯ ಮೇಲೋ ಗೋಣಿಚೀಲದ ಮೇಲೋ ಮಲಗಿಸಿ ಒಯ್ಯಿರಿ. ಕೆಳಗೆ ಮುರಿದಿದ್ದು ದಬ್ಬೆ ಕಟ್ಟಿದರೆ ಬೆರಳುಗಳನ್ನು ಹೊರಗೆ ಬಿಡಿ. ಅವು ಊದಿದರೆ, ತಣ್ಣಗಾದರೆ ಕಟ್ಟು ಬಿಗಿಯಾಗಿದೆಯೆಂದು ತಿಳಿದು ಕೂಡಲೇ ಸಡಿಲಿಸಿ. ಇಲ್ಲವಾದರೆ ಕಾಲು ಕೊಳೆಯುತ್ತದೆ. ಬೆಕ್ಕಿನ ನೋವಿಗೆ ನಾವು ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ, ಒಂದೇ ಮಾತ್ರೆ ಕೊಲ್ಲಬಲ್ಲದು.

ದನಕರು ನಡೆಯಲಾರದ ಸ್ಥಿತಿಯಲ್ಲಿದ್ದರೆ 1962ಕ್ಕೆ ಕರೆ ಮಾಡಿ ಸಂಚಾರಿ ಪಶು ಚಿಕಿತ್ಸಾಲಯದ ನೆರವು ಕೇಳಬಹುದು. ಕರೆ ಮಾಡುವಾಗ ಯಾವ ಕಾಲು, ಎಂದಿನಿಂದ, ಬಾವು ಇದೆಯೇ, ಜ್ವರ ಇದೆಯೇ, ನಡೆಸಿದಾಗ ತಲೆ ಯಾವಾಗ ಮೇಲೇಳುತ್ತದೆ ಎಂಬುದನ್ನು ಹೇಳಿ.